ಶೆಡ್ಡಿನ ಹಿಂದೆ

"ನಿಮ್ಮ ಹೆಸರು ಬೇಡಮ್ಮ, ಹೇಳದೇ ಇದ್ರೂ ನಡೆಯುತ್ತೆ. ಯಾವ ಮನೆ, ಏನು ತೊಂದರೆ, ಅಷ್ಟು ಹೇಳಿ ಸಾಕು," ಎಂದಿತು ಫೋನಿನ ಆ ಕಡೆಯ ಹೆಣ್ಣುದನಿ.

ಅವಳು ಶೆಡ್ಡಿನ ಹಿಂದೆ ಗೋಡೆಗೆ ಬೆನ್ನು ಆನಿಸಿ ನಿಂತಿದ್ದಳು. ಒಳಗೆ ಗಂಡ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಅವನ ಗೊರಕೆ ಕಿಟಕಿಯಿಂದ ಇಲ್ಲಿಯತನಕ ಕೇಳುತ್ತಿತ್ತು. ಅದು ನಿಂತ ಕೂಡಲೇ ಫೋನು ಇಟ್ಟುಬಿಡಬೇಕೆಂದು ಅವಳು ಮೊದಲೇ ನಿಶ್ಚಯಿಸಿಕೊಂಡಿದ್ದಳು. ನಗರಸಭೆಯವರಿಗೆ ಬೀದಿಯ ಹೆಸರು ಹೇಳಿದಳು, ಮನೆಯ ನಂಬರು ಹೇಳಿದಳು. ಅದು ಅವಳದೇ ಮನೆಯ ನಂಬರು.

"ನೀವು ಎಲ್ಲಿರೋದಮ್ಮ?"

"ಪಕ್ಕದ್ಮನೆ," ಅಂದಳು. ನಾಲಿಗೆ ಚೂರೂ ತೊದಲಲಿಲ್ಲ. ಅದು ಅವಳಿಗೇ ಆಶ್ಚರ್ಯವಾಯಿತು.

"ಸರಿ, ಏನೇನಿದೆ ಆ ಮನೆ ಅಂಗಳದಲ್ಲಿ?"

ಏನೇನಿದೆ! ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಗೇಟಿನಿಂದಲೇ ಶುರುಮಾಡಿದಳು. ಗ್ಯಾಸು ಹೋದ ಫ್ರಿಜ್ಜುಗಳು, ಒಂದರ ಮೇಲೊಂದು. ಮುಚ್ಚಳ ಕಿತ್ತ ವಾಷಿಂಗ್ ಮೆಷಿನ್ನುಗಳು, ಅವುಗಳೊಳಗೆ ನಿಂತ ನೀರು, ನೀರಿನಲ್ಲಿ ಕುಣಿಯುವ ಸೊಳ್ಳೆಮರಿ. ವೈರಿನ ಸಿಂಬೆಗಳು, ಅವುಗಳೊಳಗೆ ಸಂಸಾರ ಹೂಡಿದ ಇಲಿಗಳು. ಆ ಕಡೆಯ ಹುಡುಗಿ ಪ್ರತಿಯೊಂದಕ್ಕೂ "ಹೂಂ, ಆಮೇಲೆ?" ಎನ್ನುತ್ತಿದ್ದಳು. ಮನೆಯಲ್ಲಿ ಬಾಯಿ ತೆರೆದರೆ "ಶುರುವಾಯ್ತು ನಿಂದು" ಎನ್ನಿಸಿಕೊಳ್ಳುವವಳಿಗೆ ಆ "ಆಮೇಲೆ" ಸಿಕ್ಕರೆ ಮಾತು ನಿಲ್ಲುತ್ತದೆಯೇ? ಗೇಟಿನ ಮುಂದಿನದನ್ನಷ್ಟೇ ಹೇಳಿ ನಿಲ್ಲಿಸಿದ್ದರೆ ಸಾಕಿತ್ತು. ಅವಳು ನಿಲ್ಲಿಸಲಿಲ್ಲ.

"ಶೆಡ್ಡಿನ ಹಿಂದೆ ಇನ್ನೂ ಇದೆ," ಎಂದಳು, ಕಾಲಬುಡದಲ್ಲೇ ಇದ್ದುದನ್ನು ನೋಡುತ್ತ. "ಗಾಜಿನ ಬಾಗಿಲು ಒಡೆದು ರಾಶಿ ಹಾಕಿದ್ದಾರೆ. ಅದರ ಪಕ್ಕ ಒಂದು ನೀಲಿ ಸಿಂಕಿದೆ, ಅದರಲ್ಲಿ ಇಲಿ ಮರಿ ಹಾಕಿದೆ. ರಸ್ತೆಯಿಂದ ಕಾಣಲ್ಲ, ಹಿಂದೆ ಹೋಗೇ ನೋಡಬೇಕು."

"ಬರ್ಕೊಂಡೆ. ಬಂದು ನೋಡ್ತಾರಮ್ಮ."

ಫೋನು ಇಟ್ಟಾಗ ಗೊರಕೆ ಇನ್ನೂ ನಡೆದೇ ಇತ್ತು. ಎದೆ ಹಗುರವಾಯಿತು. ಆಮೇಲೆ, ಅದೇ ಎದೆ, ಮೆಲ್ಲಗೆ ಭಾರವಾಗತೊಡಗಿತು.

ಅವಳ ಗಂಡ ಫ್ರಿಜ್ ಮೆಕ್ಯಾನಿಕ್. ಊರಿನಲ್ಲಿ ಅವನಿಗೊಂದು ಅಂಗಡಿ ಇದ್ದ ಕಾಲದಲ್ಲಿ ಜನ ಕೆಟ್ಟ ಯಂತ್ರವನ್ನು ಗಾಡಿಯಲ್ಲಿ ಹಾಕಿಕೊಂಡು ಬಂದು, ಬದುಕಿಸಿಕೊಡಿ ಎಂದು ಬಾಗಿಲಲ್ಲಿ ಕಾಯುತ್ತಿದ್ದರು. ಅವನು ಯಂತ್ರದ ಬೆನ್ನಿಗೆ ಕಿವಿ ಇಟ್ಟು, ಕಣ್ಣು ಮುಚ್ಚಿ, ರೋಗ ಹೇಳುತ್ತಿದ್ದ. ಅವಳು ಅವನನ್ನು ಮೆಚ್ಚಿದ್ದೂ ಆ ಕಿವಿ ಇಡುವ ಚಂದಕ್ಕೇ. ಬರಬರುತ್ತ ಜನ ರಿಪೇರಿ ಮಾಡಿಸುವುದನ್ನು ಬಿಟ್ಟು ಹೊಸದು ಕೊಳ್ಳತೊಡಗಿದರು, ಅಂಗಡಿ ಮುಚ್ಚಿತು. ಮುಚ್ಚಿದ ಅಂಗಡಿ ಸುಮ್ಮನಿರಲಿಲ್ಲ, ಮನೆಗೆ ಬಂತು. "ಸ್ವಲ್ಪ ದಿನ ಇರ್ಲಿ" ಎಂದು ಬಂದದ್ದು ಅಂಗಳ ತುಂಬಿತು. ಆಮೇಲೆ, ಯಾರ ಮನೆಯಲ್ಲಿ ಏನು ಕೆಟ್ಟರೂ, ಎಸೆಯುವ ಬದಲು ಇವರ ಗೇಟಿನ ಮುಂದೆ ತಂದಿಡುವುದು ಬೀದಿಗೇ ಅಭ್ಯಾಸವಾಯಿತು. ಅವನು ಬೇಡ ಎನ್ನುತ್ತಿರಲಿಲ್ಲ. ಯಾವ ಯಂತ್ರವನ್ನೂ ಸತ್ತಿದೆ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಸಂಜೆಗಳಲ್ಲಿ ಪಕ್ಕದ ಮನೆಯ ಡ್ರೈವರ್ ಬರುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದ ಒಂಟಿ ಮನುಷ್ಯ. ಎರಡು ಮನೆಗಳ ನಡುವಿನ ಗೋಡೆ ಒಂದು ಕಡೆ ಕುಸಿದು, ಒಬ್ಬರು ದಾಟುವಷ್ಟು ಬಾಯಿ ಬಿಟ್ಟಿತ್ತು. ಅದನ್ನು ಕಟ್ಟಿಸಬೇಕೆಂದು ಇಬ್ಬರಿಗೂ ಎಂದೂ ಅನ್ನಿಸಲಿಲ್ಲ. ಅದರಿಂದಲೇ ಅವನು "ಅಣ್ಣ, ಏನು ಇವತ್ತು ಆಪರೇಷನ್ನು?" ಎನ್ನುತ್ತ ಬರುವುದು, ಅದರಿಂದಲೇ ಹೋಗುವುದು. ಯಂತ್ರದ ವಿಷಯ ಅವನಿಗೆ ಒಂದಕ್ಷರ ಗೊತ್ತಿಲ್ಲ. ಅವನ ಕೆಲಸ ಟಾರ್ಚು ಹಿಡಿಯುವುದು. ಗಂಡ ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿ, "ಅಲ್ಲಲ್ಲ ಕಣಯ್ಯ, ನನ್ನ ಕಣ್ಣಿಗೆ ಹಿಡೀತಿದೀಯ! ಬಸ್ಸು ಹೇಗೆ ಓಡಿಸಿದೆ ನೀನು, ದೇವರಿಗೇ ಗೊತ್ತು," ಎಂದು ಬೈಯುತ್ತಿದ್ದ. "ಬಸ್ಸಿಗೆ ಎರಡು ಲೈಟಿತ್ತು ಅಣ್ಣ, ಇಲ್ಲಿ ಒಂದೇ," ಎನ್ನುತ್ತಿದ್ದ ಡ್ರೈವರ್. ಎಂದಾದರೊಮ್ಮೆ ಯಾವುದೋ ಹಳೇ ಮೋಟಾರು ಗುರ್ರೆಂದರೆ ಇಬ್ಬರೂ ಮಕ್ಕಳ ಹಾಗೆ ಕೂಗಿಕೊಳ್ಳುತ್ತಿದ್ದರು. ಅವಳು ಬೈಯುತ್ತಲೇ ಮೂವರಿಗೂ ಟೀ ತರುತ್ತಿದ್ದಳು.

ಇದೆಲ್ಲವನ್ನೂ ಅವಳು ಸಹಿಸಿಕೊಂಡಿದ್ದವಳೇ. ಆದರೆ ಮೊಮ್ಮಗು ಅಂಬೆಗಾಲಿಡುವುದನ್ನು ಕಲಿತಿತ್ತು. ಕಳೆದ ಸಲ ಮಗಳು ಬಂದಾಗ, ಎಲ್ಲರೂ ಮಾತಿನಲ್ಲಿರುವಾಗ, ಮಗು ಬಾಗಿಲು ದಾಟಿ, ಯಂತ್ರಗಳ ಸಂದಿಯಲ್ಲಿ ತೂರಿ, ಒಡೆದ ಗಾಜಿನ ಮೇಲೆ ಅಂಗೈ ಊರಿಬಿಟ್ಟಿತು. ಆ ಪುಟ್ಟ ಅಂಗೈಯಿಂದ ಅಷ್ಟು ರಕ್ತ ಬರಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಬಂದ ಮಗಳು ಮಗುವನ್ನು ಕೆಳಗಿಳಿಸಲೇ ಇಲ್ಲ. "ಅಮ್ಮ, ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಇದೆಲ್ಲ ಹೋಗೋವರೆಗೆ ಪುಟ್ಟೀನ ಇಲ್ಲಿಗೆ ಕರ್ಕೊಂಡು ಬರಲ್ಲ, ಅಷ್ಟೇ," ಎಂದು ಹೊರಟುಹೋದಳು.

ಆ ದಿನದಿಂದ ಅವಳು ಗಂಡನ ಬೆನ್ನು ಬಿದ್ದಳು. ಬೇಡಿಕೊಂಡಳು, ಬೈದಳು, ಊಟ ಬಡಿಸುವಾಗ ಅತ್ತಳು. "ಭಾನುವಾರ ತೆಗೆದುಬಿಡ್ತೀನಿ ಕಣೇ," ಎನ್ನುತ್ತಿದ್ದ ಅವನು. ಭಾನುವಾರ ಬರುತ್ತಿತ್ತು. ಅವನು ಒಂದು ಫ್ರಿಜ್ಜಿನ ಮುಂದೆ ಕುಳಿತು, ಬಾಗಿಲು ತೆರೆದು, ಮುಚ್ಚಿ, "ಇದೊಂದು ಸರಿಹೋಗುತ್ತೆ ಅನ್ಸುತ್ತೆ," ಎನ್ನುತ್ತಿದ್ದ. ಮಗಳ ಮನೆಯಿಂದ ಫೋನಿನಲ್ಲಿ ಮಗು "ಅಜ್ಜಿ" ಅನ್ನುವುದನ್ನು ಕಲಿಯಿತು. ಅದನ್ನು ಕೇಳಿದ ದಿನವೇ ಅವಳು ನಗರಸಭೆಯ ನಂಬರು ಹುಡುಕಿದ್ದು.

ಇನ್‌ಸ್ಪೆಕ್ಟರಮ್ಮ ಬಂದಾಗ ಗಂಡ ಅಂಗಳದಲ್ಲೇ ಇದ್ದ. ಗಿರಾಕಿ ಎಂದುಕೊಂಡು ಸಂಭ್ರಮದಿಂದ ಕುರ್ಚಿ ಒರೆಸಿ ಹಾಕಿದ. ಆಕೆ ಕೂರಲಿಲ್ಲ. ಒಳ್ಳೆಯ ಹೆಂಗಸು, ದನಿ ಏರಿಸಲಿಲ್ಲ. ನಿಂತ ನೀರನ್ನು ನೋಡಿದಳು, ಫ್ರಿಜ್ಜಿನ ಬಾಗಿಲೊಂದನ್ನು ಎಳೆದು ನೋಡಿ, "ಇದರೊಳಗೆ ಮಕ್ಕಳು ಆಟಕ್ಕೆ ಕೂತ್ರೆ ಹೊರಗೆ ಬರೋಕಾಗಲ್ಲ, ಗೊತ್ತಾ ಯಜಮಾನರೇ?" ಎಂದಳು. ಗೋಡೆಯ ಬಾಯಿಯ ಹತ್ತಿರ ನಿಂತು, "ಇದೂ ಬಿದ್ದುಹೋಗಿದೆ," ಎಂದಳು.

"ಅದು ಬಿದ್ದಿದ್ದಲ್ಲಮ್ಮ," ಎಂದ ಗಂಡ. "ಅದು ಬಾಗಿಲು."

ಇನ್‌ಸ್ಪೆಕ್ಟರಮ್ಮ ನಕ್ಕಳು. "ಸರಿ, ಅದು ನಿಮ್ಮಿಬ್ಬರಿಗೆ ಬಿಟ್ಟಿದ್ದು. ಈಗ ಶೆಡ್ಡಿನ ಹಿಂದೆ ನೋಡಬೇಕು. ಒಡೆದ ಗಾಜು, ಒಂದು ನೀಲಿ ಸಿಂಕು, ಅದರಲ್ಲಿ ಇಲಿ ಅಂತ ದೂರಿನಲ್ಲಿದೆ."

ಬಾಗಿಲಲ್ಲಿ ನಿಂತಿದ್ದ ಅವಳು ಚೌಕಟ್ಟಿಗೆ ಒರಗಿದಳು. ಗಂಡ ತಲೆಯೆತ್ತಿದ. ಅವನು ಮಾತಿನಲ್ಲಿ ಮಂದ, ಆದರೆ ಯಂತ್ರದ ಜೊತೆ ಬಾಳಿದವನು. ಎಲ್ಲಿಂದ ಎಲ್ಲಿಗೆ ತಂತಿ ಹೋಗಿದೆ ಎಂದು ಹುಡುಕುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಶೆಡ್ಡಿನ ಹಿಂದಿನದು ರಸ್ತೆಗೆ ಕಾಣುವುದಿಲ್ಲ. ಎದುರು ಮನೆಗೆ ಕಾಣುವುದಿಲ್ಲ. ಅದು ಕಾಣುವುದು ಒಂದೇ ಒಂದು ಮಹಡಿಯಿಂದ. ಅವನ ನೋಟ ನಿಧಾನವಾಗಿ ಗೋಡೆಯ ಬಾಯಿಯತ್ತ, ಅಲ್ಲಿಂದ ಡ್ರೈವರನ ಮಹಡಿಯತ್ತ ಹೋಗಿ ನಿಂತಿತು. ತನ್ನ ಬೆನ್ನ ಹಿಂದೆಯೇ ಬಾಗಿಲಲ್ಲಿ ನಿಂತಿದ್ದವಳ ಕಡೆ ಅವನು ತಿರುಗಲೂ ಇಲ್ಲ. ಅವಳನ್ನು ಅನುಮಾನಿಸಬಹುದೆಂಬುದೇ ಅವನಿಗೆ ಹೊಳೆಯಲಿಲ್ಲ.

"ಯಾರಮ್ಮ ಹೇಳಿದ್ದು?" ಎಂದು ಕೇಳಿದ.

"ಅದನ್ನ ನಾವು ಹೇಳೋ ಹಾಗಿಲ್ಲ."

"ಬೇಡ ಬಿಡಿ," ಎಂದ ಗಂಡ. "ಗೊತ್ತಾಯ್ತು."

ಎಲ್ಲ ತೆಗೆಸಲು ಇನ್‌ಸ್ಪೆಕ್ಟರಮ್ಮ ಗಡುವು ಹೇಳಿಹೋಗಿದ್ದಳು, ಅಷ್ಟರೊಳಗೆ ಅವನು ಒಂದನ್ನೂ ತೆಗೆಯಲಿಲ್ಲ. ಆ ಸಂಜೆಗಳಲ್ಲಿ ಡ್ರೈವರ್ ಬಂದರೆ "ತಲೆನೋವು" ಎಂದು ಒಳಗೇ ಮಲಗಿದ. ಕೊನೆಗೆ ಒಂದು ಬೆಳಿಗ್ಗೆ ನಗರಸಭೆಯ ಲಾರಿ ಗೇಟಿಗೆ ಬೆನ್ನು ಕೊಟ್ಟು ನಿಂತಿತು.

ಕೆಲಸದವರು ಒಂದೊಂದನ್ನೇ ಎತ್ತಿ ಲಾರಿಗೆ ಎಸೆಯತೊಡಗಿದರು. ಎಸೆದದ್ದು ಬಿದ್ದಾಗಲೆಲ್ಲ ಗಂಡನ ಭುಜ ಅದುರುತ್ತಿತ್ತು. "ಅದರ ಕಂಪ್ರೆಸರ್ ಚೆನ್ನಾಗಿದೆ ಕಣ್ರಪ್ಪ, ಮೆಲ್ಲಗೆ," ಎಂದ ಒಂದು ಸಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀದಿಯವರು ತಮ್ಮತಮ್ಮ ಗೇಟುಗಳಲ್ಲಿ ನಿಂತು ನೋಡಿದರು. ಆ ರಾಶಿಯಲ್ಲಿ ಅರ್ಧ ಅವರೇ ತಂದಿಟ್ಟದ್ದು. ಅವಳು ಹಲ್ಲು ಕಚ್ಚಿಕೊಂಡು ನಿಂತಿದ್ದಳು. ತಾನು ಬಯಸಿದ್ದೇ ಕಣ್ಣೆದುರು ನಡೆಯುತ್ತಿದೆ, ಆದರೂ ನೋಡಲಾಗುತ್ತಿಲ್ಲವಲ್ಲ ಎನ್ನಿಸಿತು.

ಆಗಲೇ ಡ್ರೈವರ್ ಗೋಡೆ ದಾಟಿ ಬಂದದ್ದು. ಕೈಗೆ ಹಳೇ ಗ್ಲೌಸು ಹಾಕಿಕೊಂಡಿದ್ದ. "ಅಣ್ಣ, ನೀವು ಕೂತ್ಕೊಳ್ಳಿ. ಒಳ್ಳೇ ಮೋಟಾರುಗಳನ್ನ ಬಿಚ್ಚಿ ಪಕ್ಕಕ್ಕಿಡೋಣ, ನಮ್ಮನೇಲಿ ಜಾಗ ಇದೆ," ಎನ್ನುತ್ತ ಒಂದು ಮೆಷಿನ್ನಿಗೆ ಕೈ ಹಾಕಿದ.

ಗಂಡ ಎದ್ದುನಿಂತ. "ನೋಡ್ರಪ್ಪ ಎಲ್ಲರೂ," ಎಂದ, ಬೀದಿಗೇ ಕೇಳುವ ಹಾಗೆ. "ಫೋನ್ ಮಾಡಿ ಹೇಳಿದವನೇ ಎತ್ತೋಕೂ ಬಂದಿದಾನೆ. ಎಂಥ ನೆರೆಹೊರೆ ನಂದು!"

ಲಾರಿಯ ಮೇಲಿನವರೂ ಕೈ ನಿಲ್ಲಿಸಿದರು. ಡ್ರೈವರನ ಬಾಯಿ ತೆರೆಯಿತು. ಅವನು ಅಣ್ಣನನ್ನು ನೋಡಿದ. ಆಮೇಲೆ, ಒಂದೇ ಒಂದು ಸಲ, ಬಾಗಿಲಲ್ಲಿ ನಿಂತ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಎಲ್ಲ ಗೊತ್ತಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಈಗ ಹೇಳುತ್ತಾನೆ ಎಂದು ಅವಳು ಸೆರಗು ಹಿಡಿದುಕೊಂಡಳು. ಡ್ರೈವರ್ ಬಾಯಿ ಮುಚ್ಚಿದ. ಗ್ಲೌಸು ಕಳಚಿ ಜೇಬಿಗೆ ತುರುಕಿಕೊಂಡು, ಬಂದ ದಾರಿಯಲ್ಲೇ ತಲೆ ತಗ್ಗಿಸಿ ಹಿಂದಿರುಗಿದ.

ಮರುದಿನ ಗಂಡ ಹೊರಗೆ ಹೋದಾಗ ಅವಳು ಡ್ರೈವರನ ಮನೆಗೆ ಹೋದಳು. ಗೋಡೆಯ ಬಾಯಿಯಿಂದ ಹೋಗಲು ಮುಖವಿರಲಿಲ್ಲ. ಗೇಟು ತೆಗೆದು, ರಸ್ತೆಗೆ ಬಂದು, ಅವನ ಗೇಟು ತಟ್ಟಿದಳು. ಅಷ್ಟು ವರ್ಷದ ನೆರೆಯಲ್ಲಿ ಅವನ ಮನೆಗೆ ಮುಂಬಾಗಿಲಿನಿಂದ ಅವಳು ಹೋದದ್ದು ಅದೇ ಮೊದಲು.

"ರಸ್ತೆ ಸುತ್ತಿ ಬಂದ್ರಾ ಅತ್ತಿಗೆ?" ಎಂದ ಡ್ರೈವರ್, ನಗಲು ನೋಡುತ್ತ.

"ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮ ಬಚ್ಚಲ ಕಿಟಕಿ ನಿಮ್ಮ ಶೆಡ್ಡಿನ ಹಿಂದಕ್ಕೇ ಇರೋದು. ನೀವು ಫೋನಿನಲ್ಲಿ ಹೇಳ್ತಾ ಇದ್ರಿ, ನಾನು ಮೈಗೆ ಸೋಪು ಹಚ್ಕೊಂಡು ನಿಂತಿದ್ದೆ. ನೀರು ಹಾಕ್ಕೊಂಡ್ರೆ ಸದ್ದಾಗುತ್ತೆ, ನೀವು ಹೆದರಿಕೊಳ್ತೀರ ಅಂತ ಹಾಗೇ ನಿಂತೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು, ಅಳು ಗೆದ್ದಿತು. "ಮೊಮ್ಮಗು ಬರಲಿ ಅಂತ ಮಾಡಿದೆ ಅಣ್ಣ. ನಿಮ್ಮ ತಲೆಗೆ ಬರುತ್ತೆ ಅಂತ ನನಗೆ ಹೊಳೀಲಿಲ್ಲ. ಇವತ್ತೇ ಅವರಿಗೆ ಹೇಳಿಬಿಡ್ತೀನಿ."

ಮೇಜಿನ ಮೇಲೆ ಟಾರ್ಚು ಇತ್ತು. ಡ್ರೈವರ್ ಅದನ್ನೆತ್ತಿ, ಸುಮ್ಮನೆ ಹೊತ್ತಿಸಿ, ಆರಿಸಿದ.

"ಹೇಳಿ, ಬೇಡ ಅನ್ನಲ್ಲ," ಎಂದ ಕೊನೆಗೆ. "ಆದ್ರೆ ನನಗೋಸ್ಕರ ಹೇಳಬೇಡಿ. ನನ್ನ ಮೇಲೆ ಸಿಟ್ಟಾದ್ರೆ ಅಣ್ಣ ಅವರ ಪಾಡಿಗೆ ಅವರ ಮನೇಲಿ ಇರ್ತಾರೆ. ನಿಮ್ಮ ಮೇಲೆ ಸಿಟ್ಟಾದ್ರೆ ಎಲ್ಲಿ ಇರ್ತಾರೆ? ಹೇಳಿ ನೋಡೋಣ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ರಸ್ತೆ ಸುತ್ತಿ ಹೊರಟಳು.

ಅವಳು ಮನೆಗೆ ಬರುವಷ್ಟರಲ್ಲಿ ಗಂಡ ಕೈಗಾಡಿಯಲ್ಲಿ ಇಟ್ಟಿಗೆ ತಂದು ಗೋಡೆಯ ಬಾಯಿಯ ಹತ್ತಿರ ಸುರಿಯುತ್ತಿದ್ದ. ಒಂದು ಮೂಟೆ ಸಿಮೆಂಟೂ ಇತ್ತು, ಮರಳೂ ಇತ್ತು. ಅಂಗಳ ಬೋಳಾಗಿತ್ತು. ಯಂತ್ರಗಳಿದ್ದ ಕಡೆ ನೆಲ ಬೇರೆ ಬಣ್ಣಕ್ಕೆ ತಿರುಗಿ, ಚೌಕ ಚೌಕವಾಗಿ ಕಾಣುತ್ತಿತ್ತು.

"ಮೇಸ್ತ್ರಿ ಕರೀಬಾರದಾ?" ಎಂದಳು.

"ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ. ನೀನು ನೀರು ಕೊಡು, ಸಾಕು."

ಅವಳು ನೀರು ಕೊಟ್ಟಳು. ಅವನು ಸಿಮೆಂಟು ಕಲಸಿದ. ಅವಳು ಬಾಣಲಿಯಲ್ಲಿ ತುಂಬಿ ಎತ್ತಿಕೊಟ್ಟಳು, ಅವನು ಕರಣೆಯಿಂದ ಹರವಿ ಇಟ್ಟಿಗೆ ಕೂರಿಸಿದ. ಒಂದು ವರಸೆ ಮುಗಿಯಿತು, ಇನ್ನೊಂದು ಶುರುವಾಯಿತು. ಆ ಕಡೆ ಡ್ರೈವರನ ಹಿತ್ತಲಿನಲ್ಲಿ ಒಣಗಲು ಹಾಕಿದ ಒಂದು ಅಂಗಿ, ಒಂದು ಟವೆಲು ಕಾಣುತ್ತಿದ್ದವು. ಗೋಡೆ ಏರಿದ ಹಾಗೆ ಟವೆಲು ಮರೆಯಾಯಿತು.

"ಜಗಳ ಆಡಿದ್ರೂ ತಡ್ಕೋತಿದ್ದೆ ಕಣೇ," ಎಂದ ಗಂಡ, ಇಟ್ಟಿಗೆಯ ತಲೆಗೆ ಕರಣೆಯ ಹಿಡಿಯಿಂದ ಕುಟ್ಟುತ್ತ. "ಮುಖಕ್ಕೆ ಹೇಳಬಹುದಿತ್ತಲ್ಲ. ಅಣ್ಣ, ಇದು ಗಲೀಜಾಗಿದೆ, ತೆಗೀರಿ ಅಂತ ಒಂದು ಮಾತು. ಮುಖಕ್ಕೆ ಹೇಳಿದ್ರೆ ನಾನು ತೆಗೆದುಬಿಡ್ತಿರಲಿಲ್ವಾ?"

ಮುಖಕ್ಕೆ ಹೇಳಿದವಳು ಅವನ ಪಕ್ಕದಲ್ಲೇ ಬಾಣಲಿ ಹಿಡಿದು ನಿಂತಿದ್ದಳು. ಬೇಡಿಕೊಂಡವಳು, ಬೈದವಳು, ಸಾರು ಬಡಿಸುತ್ತ ಅತ್ತವಳು. ಅದೊಂದೂ ಇವನಿಗೆ ಮಾತಾಗಿ ಕೇಳಿಸಿರಲೇ ಇಲ್ಲ. ಫ್ಯಾನು ತಿರುಗುವ ಸದ್ದಿನ ಹಾಗೆ ಮನೆಯೊಳಗಿನ ಸದ್ದಾಗಿ ಹೋಗಿತ್ತು. ಮೈಯೆಲ್ಲ ಉರಿದುಬಂತು. ನಾನೇ ಹೇಳಿದ್ದು, ನಾನೇ, ಎಂದು ಬಾಣಲಿ ಎಸೆದು ಕೂಗಬೇಕೆನ್ನಿಸಿತು. ಬಾಯಿ ತೆರೆದಳು.

ಅವನು ತಿರುಗಿ ನೋಡಿದ. ಹುಬ್ಬಿನ ಮೇಲೆ ಸಿಮೆಂಟು ಮೆತ್ತಿತ್ತು. ಕಣ್ಣು ಕೆಂಪಾಗಿದ್ದವು. ಸಿಮೆಂಟಿನ ಧೂಳಿಗಲ್ಲ, ಅದು ಅವಳಿಗೆ ಗೊತ್ತಿತ್ತು.

"ನನ್ನ ಹಿಂದೆ ಒಬ್ಬ ಇದಾನೆ ಅಂದ್ಕೊಂಡಿದ್ದೆ," ಎಂದ. "ಇನ್ನು ನೀನೊಬ್ಬಳೇ."

"ನೀರು ಜಾಸ್ತಿ ಆಯ್ತೇನೋ ನೋಡಿ," ಎಂದಳು ಅವಳು.

ಕೊನೆಯ ಇಟ್ಟಿಗೆಯನ್ನು ಇಡುವ ಮುನ್ನ ಅವನು ಒಂದು ಗಳಿಗೆ ತಡೆದ. ಆ ಸಂದಿಯಲ್ಲಿ ಏನಾದರೂ ಕಂಡಿತೋ ಏನೋ. ಆಮೇಲೆ ಇಟ್ಟ.

ಮಗಳು ಬಂದಳು. ಬೋಳು ಅಂಗಳವನ್ನು ನೋಡಿ ಅಪ್ಪನನ್ನು ತಬ್ಬಿಕೊಂಡಳು. "ನನಗೋಸ್ಕರ ತೆಗೆದ್ಯಾ ಅಪ್ಪ!" ಎಂದಳು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಅವಳ ತಲೆ ಸವರಿದ. ಮಗು ಅಂಗಳದ ಉದ್ದಗಲಕ್ಕೂ ಅಂಬೆಗಾಲಿಟ್ಟಿತು. ಅಂಗೈಯ ಗಾಯ ಮಾಸಿ ಎಳೆಯ ಗೆರೆಯಾಗಿತ್ತು. "ಅಜ್ಜಿ" ಎಂದು ಅದು ಎದುರಿಗೇ ಕರೆದಾಗ ಅವಳು ಎತ್ತಿಕೊಂಡು ಆ ಗೆರೆಗೆ ಮುತ್ತು ಕೊಟ್ಟಳು. ತಾನು ಮಾಡಿದ್ದು ತಪ್ಪಲ್ಲ ಎಂದು ಆ ಹೊತ್ತಿನಲ್ಲಿ ಅವಳಿಗೆ ಗಟ್ಟಿಯಾಗಿ ಅನ್ನಿಸಿತು.

"ಡ್ರೈವರ್ ಮಾಮ ಎಲ್ಲಿ?" ಎಂದಳು ಮಗಳು, ಹೊಸ ಗೋಡೆ ನೋಡಿ.

"ಟೀ ಕುಡಿ, ಆರುತ್ತೆ," ಎಂದ ಅವಳಪ್ಪ.

ಅವರು ಹೋದ ಮೇಲೆ ಅವನು ಶೆಡ್ಡಿನಲ್ಲಿ, ಲಾರಿಯವರ ಕಣ್ಣಿಗೆ ಬೀಳದೆ ಉಳಿದ ಒಂದು ಮಿಕ್ಸಿ ಬಿಚ್ಚಿಕೊಂಡು ಕುಳಿತ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಬೆಳಕು ಎಲ್ಲೆಲ್ಲೋ ಹೋಗುತ್ತಿತ್ತು. "ಕೊಡಿ, ನಾನು ಹಿಡೀತೀನಿ," ಎಂದು ಅವಳು ಕೈ ಚಾಚಿದಳು. ಅವನು ಬೇಡವೆಂದು ತಲೆಯಾಡಿಸಿದ. ತಲೆಯೊಂದಿಗೆ ಬೆಳಕೂ ಅತ್ತಿತ್ತ ಆಡಿತು.

ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹಾಕಬೇಕಿತ್ತು. ಹಸಿ ಸಿಮೆಂಟು ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಅವಳು ಬಕೆಟ್ಟಿನಿಂದ ಮಗ್ಗಿನಲ್ಲಿ ಎರಚುತ್ತಿದ್ದಳು. "ಎರಡೂ ಕಡೆ ಹಾಕಿದ್ರೆ ಮಾತ್ರ ನಿಲ್ಲುತ್ತೆ," ಎಂದಿದ್ದ ಗಂಡ ಮೊದಲ ದಿನ. "ಆ ಕಡೆ ಯಾರು ಹಾಕ್ತಾರೆ, ಬಿಡು."

ಒಂದು ಬೆಳಿಗ್ಗೆ ಅವಳು ಮಗ್ಗು ಎತ್ತಿದಾಗ ಗೋಡೆಯ ಆಚೆ ಚಳ್ ಎಂದು ಸದ್ದಾಯಿತು. ಮತ್ತೆ ಮೌನ. ಮತ್ತೆ ಚಳ್. ಡ್ರೈವರ್ ತನ್ನ ಕಡೆಯಿಂದ ಗೋಡೆಗೆ ನೀರು ಹಾಕುತ್ತಿದ್ದ. ಅವಳ ಕೈ ಗಾಳಿಯಲ್ಲೇ ನಿಂತಿತು. ತಿರುಗಿ ನೋಡಿದರೆ ಹಲ್ಲುಜ್ಜುತ್ತ ಮೆಟ್ಟಿಲ ಮೇಲೆ ನಿಂತಿದ್ದ ಗಂಡನಿಗೂ ಅದು ಕೇಳಿಸಿತ್ತು. ಅವನು ಬಾಯಿಯ ನೊರೆಯನ್ನು ಉಗಿಯುವುದನ್ನೂ ಮರೆತು ನಿಂತಿದ್ದ.

ಮರುದಿನ ಅವಳು ಏಳುವ ಮೊದಲೇ ಅವನು ಬಕೆಟ್ಟು ತುಂಬಿಕೊಂಡು ಹೋಗಿದ್ದ. "ನೀನು ಸರಿಯಾಗಿ ಹಾಕಲ್ಲ," ಎಂದ. ಅಂದಿನಿಂದ ನೀರು ಹಾಕುವುದು ಅವನದೇ ಕೆಲಸವಾಯಿತು. ಬಕೆಟ್ಟು ಇಟ್ಟುಕೊಂಡು ಗೋಡೆಯ ಮುಂದೆ ಕಾಯುತ್ತಾನೆ. ಆ ಕಡೆ ಸದ್ದು ಶುರುವಾದ ಮೇಲೆ ತಾನೂ ಹಾಕುತ್ತಾನೆ. ಇಬ್ಬರಲ್ಲೊಬ್ಬರೂ ಕೆಮ್ಮುವುದಿಲ್ಲ ಕೂಡ. ಗೋಡೆ ದಿನದಿನಕ್ಕೆ ಗಟ್ಟಿಯಾಯಿತು. ಸಿಮೆಂಟಿನ ಹಸಿ ಬಣ್ಣ ಹೋಗಿ ಬೂದಿಬಣ್ಣ ಬಂತು. ಇನ್ನು ಅದಕ್ಕೆ ನೀರು ಬೇಕಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಆಚೆಯವನಿಗೂ ಗೊತ್ತಿದ್ದಿರಬೇಕು.

ಇವತ್ತು ಹೇಳಬೇಕು ಎಂದು ಅವಳು ಪ್ರತಿ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲುತ್ತಾಳೆ. ಒಲೆಯ ಮೇಲೆ ಟೀ ಕುದಿಯುತ್ತಿರುತ್ತದೆ. ಗಂಡ ಖಾಲಿ ಬಕೆಟ್ಟನ್ನು ಕೆಳಗಿಟ್ಟು, ಒದ್ದೆ ಗೋಡೆಯ ಮೇಲೆ ಅಂಗೈ ಇಡುತ್ತಾನೆ, ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಮೆಲ್ಲಗೆ ಬಾಗಿ ಅದಕ್ಕೆ ಕಿವಿ ಇಟ್ಟು ಕಣ್ಣು ಮುಚ್ಚುತ್ತಾನೆ. ಆಚೆ ಇನ್ನೊಂದು ಮಗ್ಗು ನೀರು ಬೀಳುತ್ತದೆ.